ಲ್ಯಾಪ್‌ಟಾಪ್ ತೆವಳುತ್ತಿದೆಯೇ? ಫಾರ್ಮ್ಯಾಟ್ ಹೊಡೆಸುವ ಮುಂಚೆ ಪವರ್ ಸೆಟ್ಟಿಂಗ್ ನೋಡಿ

ಮದುವೆ ಸೀಸನ್ ಜೋರಾಗಿದ್ದ ಹೊತ್ತು. ಫೋಟೊ ಸ್ಟುಡಿಯೊದವರೊಬ್ಬರು ನಮ್ಮ ರಿಪೇರಿ ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಉಸ್ಸೆಂದು ಕುಳಿತರು. "ಎರಡು ಸಲ ಫಾರ್ಮ್ಯಾಟ್ ಹೊಡೆಸಿದೆ ಸಾರ್. ಎಸ್‌ಎಸ್‌ಡಿ ಹಾಕಿಸಿದೆ. ಎಂಟಿದ್ದ ರ‍್ಯಾಮ್ ಹದಿನಾರಾಯ್ತು. ಆಲ್ಬಮ್ಮಿನ ಒಂದು ಪುಟ ಸೇವ್ ಕೊಟ್ಟು ಚಹಾ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತೆ."

ಟಾಸ್ಕ್ ಮ್ಯಾನೇಜರ್ ತೆರೆದೆ. ಸ್ಪೀಡ್ ಎಂಬಲ್ಲಿ 0.79 ಗಿಗಾಹರ್ಟ್ಜ್. ಏನೇ ಕೆಲಸ ಕೊಟ್ಟರೂ ಅಂಕಿ ಅಲ್ಲಿಂದ ಮೇಲೇಳಲಿಲ್ಲ. 3.4ರವರೆಗೆ ಓಡಬಲ್ಲ ಪ್ರೊಸೆಸರ್ ಕಾಲು ಭಾಗದಷ್ಟು ವೇಗವನ್ನೂ ಮುಟ್ಟುತ್ತಿರಲಿಲ್ಲ. ಕೈಯಿಟ್ಟು ನೋಡಿದರೆ ಯಂತ್ರ ತಣ್ಣಗಿತ್ತು, ಫ್ಯಾನಿನ ಸದ್ದೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಪಾಪ, ಅವರು ಡಿಸ್ಕಿಗೂ ರ‍್ಯಾಮಿಗೂ ದುಡ್ಡು ಸುರಿದಿದ್ದರು. ಜ್ವರ ಎಲ್ಲಿತ್ತು ಎಂಬುದನ್ನು ಚಾರ್ಜರಿನ ಭಾಗದಲ್ಲಿ ಹೇಳುತ್ತೇನೆ.

ಲ್ಯಾಪ್‌ಟಾಪ್ ಓಡಲಾರದೆ ನಿಧಾನವಾಗುವುದು ಬೇರೆ, ಓಡಬೇಡ ಎಂದು ಯಾರೋ ಲಗಾಮು ಎಳೆದು ಹಿಡಿದಿರುವುದು ಬೇರೆ. ಲಗಾಮು ಹಿಡಿಯುವವರು ನಾಲ್ವರು: ವಿಂಡೋಸ್, ಲ್ಯಾಪ್‌ಟಾಪ್ ಕಂಪನಿಯ ಆ್ಯಪ್, ಮದರ್‌ಬೋರ್ಡಿನ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ಮೂಲ ಸಾಫ್ಟ್‌ವೇರ್), ಮತ್ತೆ ಬಿಸಿ. ಒಬ್ಬನನ್ನು ಬಿಡಿಸಿದರೂ ಇನ್ನೊಬ್ಬ ಹಿಡಿದೇ ಇರಬಹುದು. ಹಾಗಾಗಿ ಕೆಳಗೆ ಹೇಳಿದ್ದನ್ನು ಒಂದೊಂದಾಗಿಯೇ ಮಾಡಿ, ಪ್ರತಿ ಸಲವೂ ವೇಗ ಅಳೆದು ನೋಡಿ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ಯಾರಿಗೂ ಹೇಳಲಾಗದು.

ಉಳಿತಾಯಕ್ಕೂ ವೇಗಕ್ಕೂ ಏನು ಸಂಬಂಧ

ಪ್ರೊಸೆಸರ್ ಬಳಸುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಲೆಕ್ಕ ಹೀಗೆ: ವೇಗವನ್ನು 10%, ವೋಲ್ಟೇಜನ್ನೂ 10% ಇಳಿಸಿದರೆ 0.9 ಗುಣಿಸು 0.9 ಗುಣಿಸು 0.9, ಅಂದರೆ ಸುಮಾರು 0.73. ವೇಗದಲ್ಲಿ ಹತ್ತು ಪಾಲು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಇಪ್ಪತ್ತೇಳು ಪಾಲು ಉಳಿಯುತ್ತದೆ. ಬ್ಯಾಟರಿ ಹೆಚ್ಚು ಹೊತ್ತು ಬರಲಿ ಎಂದು ಎಲ್ಲರೂ ಮೊದಲು ವೇಗಕ್ಕೇ ಕೈ ಹಾಕುವುದು ಈ ಲಾಭಕ್ಕಾಗಿ. ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ಬೆಲೆ ಬಹಳ ದುಬಾರಿ. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಅಳೆಯಿರಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿ. ಕೆಳಗೆ ಎರಡು ಅಂಕಿ ನೋಡಿ: ಸ್ಪೀಡ್ ಎಂದರೆ ಈ ಕ್ಷಣದ ವೇಗ, ಬೇಸ್ ಸ್ಪೀಡ್ ಎಂದರೆ ತಯಾರಕರು ಹೇಳಿದ ಮೂಲ ವೇಗ. ಕೆಲಸವಿಲ್ಲದೆ ಕೂತಾಗ ಸ್ಪೀಡ್ ಇಳಿದಿರುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಕೆಲಸ ಕೊಟ್ಟು ನೋಡಬೇಕು.

ಅದಕ್ಕೆ ಯಾವ ಬೆಂಚ್‌ಮಾರ್ಕ್ ಸಾಫ್ಟ್‌ವೇರೂ ಬೇಡ. ಎರಡು ಜಿಬಿಯಷ್ಟು ಫೋಟೊ ಇರುವ ಒಂದು ಫೋಲ್ಡರನ್ನು ಜಿಪ್ ಮಾಡಲು ಹಚ್ಚಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಜಿಪ್ ಆಗುವಾಗ ಸ್ಪೀಡ್ ಎಷ್ಟಿತ್ತು, ಮುಗಿಯಲು ಎಷ್ಟು ಹೊತ್ತು ಹಿಡಿಯಿತು, ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಇನ್ನೊಮ್ಮೆ. ಮುಂದೆ ಪ್ರತಿ ಬದಲಾವಣೆಯ ನಂತರವೂ ಇದೇ ಫೋಲ್ಡರ್, ಇದೇ ಸ್ಟಾಪ್‌ವಾಚ್.

ಕೆಲಸದ ನಡುವೆ ಸ್ಪೀಡ್ ಬೇಸ್ ಸ್ಪೀಡಿಗಿಂತ ಮೇಲಿದ್ದರೆ ಟರ್ಬೊ (ಕೆಲಸ ಬಿದ್ದಾಗ ಮೂಲ ವೇಗಕ್ಕಿಂತ ಮೇಲೇರುವ ಓಟ) ನಡೆಯುತ್ತಿದೆ, ಪವರ್ ಸೆಟ್ಟಿಂಗಿನ ತಪ್ಪಿಲ್ಲ. ಬೇಸ್ ಸ್ಪೀಡಿನ ಆಸುಪಾಸಿನಲ್ಲೇ ಕಟ್ಟಿಹಾಕಿದಂತಿದ್ದರೆ ವಿಂಡೋಸ್ ಅಥವಾ ಕಂಪನಿ ಆ್ಯಪಿನ ಕೈವಾಡವಿರಬಹುದು. ಶುರುವಿನಲ್ಲಿ ಚೆನ್ನಾಗಿ ಓಡಿ ಎರಡು ಮೂರು ನಿಮಿಷಕ್ಕೆ ಕುಸಿದು ಲ್ಯಾಪ್‌ಟಾಪ್ ಸುಡುತ್ತಿದ್ದರೆ ಬಿಸಿ. ತಣ್ಣಗಿದ್ದೂ 0.4 ಅಥವಾ 0.8ರಲ್ಲಿ ನಿಂತುಬಿಟ್ಟಿದ್ದರೆ ನೇರವಾಗಿ ಚಾರ್ಜರಿನ ಭಾಗಕ್ಕೆ ಹೋಗಿ.

ವಿಂಡೋಸ್ 11ರ ಪವರ್ ಮೋಡ್

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್ ಅಂಡ್ ಬ್ಯಾಟರಿ. ಅಲ್ಲಿ ಪವರ್ ಮೋಡ್ ಎಂಬಲ್ಲಿ ಮೂರು ಆಯ್ಕೆ: ಬೆಸ್ಟ್ ಪವರ್ ಎಫಿಶಿಯೆನ್ಸಿ, ಬ್ಯಾಲೆನ್ಸ್ಡ್, ಬೆಸ್ಟ್ ಪರ್ಫಾರ್ಮೆನ್ಸ್. 24ಎಚ್2 ಆವೃತ್ತಿಯಿಂದ ಚಾರ್ಜರ್ ಹಾಕಿದಾಗಿನ ಮೋಡು, ಬ್ಯಾಟರಿಯಲ್ಲಿದ್ದಾಗಿನ ಮೋಡು ಬೇರೆ ಬೇರೆಯಾಗಿ ಇಟ್ಟುಕೊಳ್ಳಬಹುದು. ಚಾರ್ಜರಿಗೆ ಬೆಸ್ಟ್ ಪರ್ಫಾರ್ಮೆನ್ಸ್, ಬ್ಯಾಟರಿಗೆ ಬ್ಯಾಲೆನ್ಸ್ಡ್: ಅಂಗಡಿಗೆ ಬರುವ ಎಲ್ಲ ಲ್ಯಾಪ್‌ಟಾಪಿಗೂ ನಾನು ಇಡುವುದು ಇದನ್ನೇ. ಇನ್ನೂ ವಿಂಡೋಸ್ 10ರಲ್ಲೇ ಇರುವವರಿಗೆ ಕೆಳಗಿನ ಬಲಮೂಲೆಯ ಬ್ಯಾಟರಿ ಚಿತ್ರ ಒತ್ತಿದರೆ ಎಡಕ್ಕೂ ಬಲಕ್ಕೂ ಸರಿಸುವ ಪಟ್ಟಿ ಸಿಗುತ್ತದೆ.

ಪವರ್ ಮೋಡ್ ಬದಲಿಸಲು ಹೋದರೆ ಮಸುಕಾಗಿ ಕಾಣುತ್ತಿದೆಯೇ? ಎರಡು ಕಾರಣವಿರಬಹುದು. ಒಂದು, ಎನರ್ಜಿ ಸೇವರ್ ಚಾಲೂ ಇದೆ. ಇನ್ನೊಂದು, ಹಳೆಯ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಯಾರೋ ಬ್ಯಾಲೆನ್ಸ್ಡ್ ಬಿಟ್ಟು ಬೇರೆ ಪ್ಲಾನ್ ಹಾಕಿದ್ದಾರೆ. ಅಲ್ಲಿ ಹೈ ಪರ್ಫಾರ್ಮೆನ್ಸ್ ಪ್ಲಾನ್ ಆರಿಸಿದ್ದರೆ ಇಲ್ಲಿನ ಮೋಡು ಕೆಲಸಕ್ಕೆ ಬಾರದು.

ಎನರ್ಜಿ ಸೇವರ್ ಎಂದರೆ ಹಳೆಯ ಬ್ಯಾಟರಿ ಸೇವರ್, 24ಎಚ್2ರಲ್ಲಿ ಹೆಸರು ಬದಲಿಸಿಕೊಂಡಿದೆ. ವ್ಯತ್ಯಾಸ ಏನೆಂದರೆ ಈಗ ಅದನ್ನು ಚಾರ್ಜರ್ ಹಾಕಿರುವಾಗಲೂ, ಬ್ಯಾಟರಿಯೇ ಇಲ್ಲದ ಡೆಸ್ಕ್‌ಟಾಪಿನಲ್ಲೂ ಚಾಲೂ ಮಾಡಬಹುದು. ಒಮ್ಮೆ 'ಆಲ್ವೇಸ್' ಎಂದು ಇಟ್ಟು ಮರೆತವರು ತಿಂಗಳುಗಟ್ಟಲೆ ಮಬ್ಬು ಪರದೆ, ಮಂದ ಯಂತ್ರ ಇಟ್ಟುಕೊಂಡು ಕೊರಗುತ್ತಾರೆ. ಅದೇ ಪವರ್ ಅಂಡ್ ಬ್ಯಾಟರಿ ಪುಟದಲ್ಲಿ ಅದು ಶೇಕಡಾ ಎಷ್ಟಕ್ಕೆ ತಾನಾಗಿ ಚಾಲೂ ಆಗಬೇಕು ಎಂಬುದನ್ನು ನೀವೇ ಇಡಬಹುದು. 20% ಸಾಕು.

ಕಂಟ್ರೋಲ್ ಪ್ಯಾನೆಲ್ಲಿನ ಹಳೆಯ ಕೋಣೆ

ಸ್ಟಾರ್ಟ್ ಒತ್ತಿ ಕಂಟ್ರೋಲ್ ಪ್ಯಾನೆಲ್ ಹುಡುಕಿ, ಪವರ್ ಆಪ್ಷನ್ಸ್‌ಗೆ ಹೋಗಿ. ಈಚಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಬ್ಯಾಲೆನ್ಸ್ಡ್ ಒಂದೇ ಪ್ಲಾನ್ ಇರುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ (ಮೊಬೈಲಿನಂತೆ ಅರೆನಿದ್ದೆ ಮಾಡುವ ವ್ಯವಸ್ಥೆ) ಇರುವ ಯಂತ್ರಗಳ ರೀತಿಯೇ ಅದು, ಉಳಿದವು ಕಳೆದುಹೋಗಿಲ್ಲ. 2018ರಲ್ಲಿ ವಿಂಡೋಸ್ 10ಕ್ಕೆ ಬಂದ 'ಅಲ್ಟಿಮೇಟ್ ಪರ್ಫಾರ್ಮೆನ್ಸ್' ಪ್ಲಾನನ್ನು ಕಮಾಂಡ್ ಕೊಟ್ಟು ಹೊರತೆಗೆಯಿರಿ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಅದನ್ನು ತಂದಿದ್ದು ವರ್ಕ್‌ಸ್ಟೇಷನ್ನುಗಳಿಗೆ. ಮನೆಯ ಲ್ಯಾಪ್‌ಟಾಪಿಗೆ ಅದು ಬಿಸಿ ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಂಥ ವೇಗ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಆಮೇಲೆ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್. ಪುಟ್ಟ ಕಿಟಕಿ ತೆರೆಯುತ್ತದೆ. ಬದಲಿಸುವ ಮುಂಚೆ ಪ್ರತಿಯೊಂದನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ನಮಗೆ ಬೇಕಾದದ್ದು ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಎಂಬ ಸಾಲು. ಕೆಲವು ಲ್ಯಾಪ್‌ಟಾಪಿನಲ್ಲಿ ಅದನ್ನು ಮುಚ್ಚಿಟ್ಟಿರುತ್ತಾರೆ. ಕಾಣದಿದ್ದರೆ ಪವರ್ ಮೋಡಿನಲ್ಲೇ ತೃಪ್ತಿಪಟ್ಟು ಮುಂದೆ ನಡೆಯಿರಿ.

ಕಂಡರೆ, ಅದರೊಳಗೆ ಮೂರು ಸಂಗತಿ. ಮಿನಿಮಮ್ ಪ್ರೊಸೆಸರ್ ಸ್ಟೇಟ್ ಸಾಮಾನ್ಯವಾಗಿ 5% ಇರುತ್ತದೆ, ಅದು ಸರಿಯಾಗಿಯೇ ಇದೆ. ಕೆಲವರು ಇದನ್ನು 100% ಮಾಡುತ್ತಾರೆ. ಖಾಲಿ ಲಾರಿಯನ್ನು ನಿಲ್ಲಿಸಿ ಆ್ಯಕ್ಸಿಲರೇಟರ್ ತುಳಿದ ಹಾಗೆ ಅದು. ಈಗಿನ ಪ್ರೊಸೆಸರುಗಳು ಕೆಲಸ ಬಂದ ಕೆಲವೇ ಮಿಲಿಸೆಕೆಂಡಿನಲ್ಲಿ ವೇಗ ಏರಿಸಿಕೊಳ್ಳುತ್ತವೆ.

ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100% ಇರಬೇಕು. ಇಲ್ಲೊಂದು ಗುಟ್ಟಿದೆ. ಅಲ್ಲಿ 99 ಎಂದು ಹಾಕಿದರೆ ಶೇಕಡಾ ಒಂದು ತಾನೇ ಹೋಗುವುದು ಎನಿಸುತ್ತದೆ. ಆದರೆ ಬಹಳಷ್ಟು ಇಂಟೆಲ್ ಪ್ರೊಸೆಸರುಗಳಲ್ಲಿ ಆ ಒಂದಂಕಿಗೆ ಟರ್ಬೊ ಪೂರ್ತಿ ನಿಂತುಹೋಗುತ್ತದೆ. ಕೋರ್ ಐ5 8250ಯು ತೆಗೆದುಕೊಳ್ಳಿ: ಮೂಲ ವೇಗ 1.6, ಟರ್ಬೊದಲ್ಲಿ 3.4 ಗಿಗಾಹರ್ಟ್ಜ್. 99 ಹಾಕಿದಿರೆಂದರೆ ಅರ್ಧಕ್ಕರ್ಧ ಗೋತಾ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬೇಸಿಗೆಯಲ್ಲಿ ಗೇಮ್ ಆಡುವಾಗ ಬಿಸಿ ತಡೆಯಲಾಗದೆ ಈ ಉಪಾಯ ಮಾಡಿದ್ದ. ಡಿಸೆಂಬರಿನಲ್ಲಿ ಪ್ರಾಜೆಕ್ಟ್ ಕಂಪೈಲ್ ಆಗಲು ಹೊತ್ತು ಹಿಡಿಯುತ್ತಿದೆ ಎಂದು ಬಂದಾಗ ತಾನೇ ಹಾಕಿದ ಗಂಟು ಅವನಿಗೆ ಮರೆತಿತ್ತು. ಉಪಾಯವೇನೂ ಕೆಟ್ಟದ್ದಲ್ಲ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ದುಬಾರಿ ವೇಗವನ್ನು ಬಿಟ್ಟಷ್ಟೂ ಬಿಸಿ ಇಳಿಯುತ್ತದೆ. ಬಸ್ಸಿನಲ್ಲಿ ಬರೀ ಟೈಪ್ ಮಾಡುವವರು ಆನ್ ಬ್ಯಾಟರಿ ಎಂಬಲ್ಲಿ 99 ಇಟ್ಟುಕೊಳ್ಳಲಿ, ಪ್ಲಗ್ಡ್ ಇನ್ ಎಂಬಲ್ಲಿ ಮಾತ್ರ 100 ಇರಲಿ.

ಮೂರನೆಯದು ಸಿಸ್ಟಮ್ ಕೂಲಿಂಗ್ ಪಾಲಿಸಿ. ಆ್ಯಕ್ಟಿವ್ ಎಂದರೆ ಬಿಸಿಯಾದಾಗ ಮೊದಲು ಫ್ಯಾನ್ ಜೋರು ಮಾಡು, ಆಮೇಲೂ ತಣಿಯದಿದ್ದರೆ ವೇಗ ಇಳಿಸು. ಪ್ಯಾಸಿವ್ ಎಂದರೆ ಮೊದಲೇ ವೇಗ ಇಳಿಸು, ಫ್ಯಾನ್ ಆಮೇಲೆ. ಚಾರ್ಜರಿನಲ್ಲಿ ಆ್ಯಕ್ಟಿವ್ ಇರಲಿ.

ಅದೇ ಕಿಟಕಿಯಲ್ಲಿ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ಕಂಡರೆ ಪ್ಲಗ್ಡ್ ಇನ್ ಜಾಗದಲ್ಲಿ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಕೊಡಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದು ಸುಮ್ಮನೆ ಕೂತ ಯುಎಸ್‌ಬಿ ಸಾಧನಗಳನ್ನು ಮಲಗಿಸುತ್ತದೆ. ಅರ್ಜಿ ತುಂಬಿಸುವ ಸೈಬರ್ ಸೆಂಟರಿನವರು ಇದನ್ನು ಗಮನಿಸಿ. ಹೆಬ್ಬೆಟ್ಟು ಇಡುವ ಸ್ಕ್ಯಾನರ್ ಅರ್ಧ ಗಂಟೆಗೊಮ್ಮೆ 'ಡಿವೈಸ್ ನಾಟ್ ಫೌಂಡ್' ಅನ್ನುತ್ತಿದ್ದರೆ ಇದನ್ನು ಡಿಸೇಬಲ್ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂದಿರುವ ಟಿಕ್ ತೆಗೆಯಿರಿ. ಸ್ಕ್ಯಾನರ್ ಬದಲಿಸುವ ಮುಂಚೆ ಇಷ್ಟು ಮಾಡಿ ನೋಡಿದರೆ ಖರ್ಚು ಉಳಿದೀತು.

ಪರದೆ ಎಷ್ಟು ನಿಮಿಷಕ್ಕೆ ಆರಬೇಕು, ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬವಕ್ಕೂ ವೇಗಕ್ಕೂ ಸಂಬಂಧವಿಲ್ಲ. ನಿಮ್ಮಿಷ್ಟ.

ಕಂಪನಿಯವರ ಆ್ಯಪ್

ವಿಂಡೋಸಿನಲ್ಲಿ ಎಲ್ಲ ಸರಿಯಿದ್ದೂ ವೇಗ ಏಳದಿದ್ದರೆ ಲ್ಯಾಪ್‌ಟಾಪಿನ ಜೊತೆ ಬಂದ ಆ್ಯಪ್ ತೆರೆಯಿರಿ. ಲೆನೊವೊದಲ್ಲಿ ವ್ಯಾಂಟೇಜ್, ಏಸಸ್‌ನಲ್ಲಿ ಮೈಏಸಸ್, ಡೆಲ್‌, ಎಚ್‌ಪಿಗಳಲ್ಲಿ ಅವರವರದು. ಕ್ವಯಟ್, ಕೂಲ್, ವಿಸ್ಪರ್ ಎಂಬ ತಣ್ಣನೆಯ ಹೆಸರುಗಳೆಲ್ಲ ಸದ್ದು ಕಡಿಮೆ, ವೇಗವೂ ಕಡಿಮೆ ಎಂಬರ್ಥದವು. ಇವು ಪ್ರೊಸೆಸರಿಗೆ ಇಷ್ಟೇ ವಾಟ್ ಎಂದು ಕೆಳಗಿನಿಂದಲೇ ಮಿತಿ ಹಾಕುವುದರಿಂದ ವಿಂಡೋಸಿನ ಬೆಸ್ಟ್ ಪರ್ಫಾರ್ಮೆನ್ಸ್ ಅವುಗಳ ಮುಂದೆ ನಡೆಯುವುದಿಲ್ಲ.

ಬಹಳ ಲೆನೊವೊ ಮಾಡೆಲ್‌ಗಳಲ್ಲಿ ಎಫ್‌ಎನ್ ಮತ್ತು ಕ್ಯೂ ಒಟ್ಟಿಗೆ ಒತ್ತಿದರೆ ಈ ಮೋಡು ಬದಲಾಗುತ್ತದೆ. ಟೈಪ್ ಮಾಡುವಾಗ ಬೆರಳು ಜಾರಿ ಕ್ವಯಟ್‌ಗೆ ಹೋಗಿರುತ್ತದೆ, ಗೊತ್ತೇ ಆಗಿರುವುದಿಲ್ಲ. ಇದೇ ಆ್ಯಪಿನಲ್ಲಿ ಬ್ಯಾಟರಿಯನ್ನು 60 ಅಥವಾ 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆಯೂ ಇರುತ್ತದೆ. ಅದು ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದು, ಸದಾ ಚಾರ್ಜರಿನಲ್ಲೇ ಕೆಲಸ ಮಾಡುವವರು ಚಾಲೂ ಇಟ್ಟುಕೊಳ್ಳಿ.

ಚಾರ್ಜರ್: ಯಾರೂ ಅನುಮಾನಿಸದ ಆಸಾಮಿ

ಈಗ ಸ್ಟುಡಿಯೊದವರ ಕಥೆ. ಅವರ ಚಾರ್ಜರಿನ ಪಿನ್ನನ್ನು ಬೆಳಕಿಗೆ ಹಿಡಿದೆ. ದುಂಡನೆಯ ಕೊಳವೆ, ನಡುವೆ ಸೂಜಿಯಂಥ ತೆಳು ಕಡ್ಡಿ. ಆ ಕಡ್ಡಿ ಒಂದು ಬದಿಗೆ ವಾಲಿ ಗೋಡೆಗೆ ಒರಗಿತ್ತು. ವಿದ್ಯುತ್ ಬರುವುದು ಕೊಳವೆಯ ಒಳಹೊರ ಮೈಯಿಂದ. ನಡುಗಡ್ಡಿಯ ಕೆಲಸ, 'ನಾನು ಇಷ್ಟು ವಾಟಿನ ಚಾರ್ಜರು' ಎಂದು ಲ್ಯಾಪ್‌ಟಾಪಿಗೆ ಗುರುತು ಹೇಳುವುದು. ಗುರುತು ಸಿಗದಿದ್ದರೆ ಫರ್ಮ್‌ವೇರ್ 'ಇದು ಯಾವುದೋ ಸಣ್ಣ ಚಾರ್ಜರ್ ಇರಬೇಕು, ಸುಟ್ಟೀತು' ಎಂದು ಪ್ರೊಸೆಸರನ್ನು ತೀರಾ ಕೆಳಗಿನ ವೇಗದಲ್ಲಿ ಕಟ್ಟಿಹಾಕುತ್ತದೆ, ಬ್ಯಾಟರಿ ಚಾರ್ಜಾಗುವುದನ್ನೂ ನಿಲ್ಲಿಸುತ್ತದೆ. ದಿನಾ ಆನ್ ಮಾಡುವಾಗ ಅಡಾಪ್ಟರ್ ಯಾವುದೆಂದು ತಿಳಿಯುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತಂತೆ. ಅವರು ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರು. ನನ್ನ ಬಳಿಯಿದ್ದ ಅದೇ ಜಾತಿಯ ಚಾರ್ಜರ್ ಹಾಕಿದೆ, ಸ್ಪೀಡ್ ಮೂರರ ಗಡಿ ದಾಟಿತು.

ನಿಮ್ಮದನ್ನು ಪರೀಕ್ಷಿಸುವುದು ಹೀಗೆ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಬರೀ ಬ್ಯಾಟರಿಯಲ್ಲಿ ಜಿಪ್ ಪರೀಕ್ಷೆ ಮಾಡಿ. ಬ್ಯಾಟರಿಯಲ್ಲೇ ಹೆಚ್ಚು ವೇಗ ಬಂದರೆ ಚಾರ್ಜರೇ ಅಪರಾಧಿ. ಆಮೇಲೆ ಚಾರ್ಜರಿನ ಬೆನ್ನಿನ ಚೀಟಿ ಓದಿ. ಔಟ್‌ಪುಟ್ ಎಂಬಲ್ಲಿ ವೋಲ್ಟ್ ಮತ್ತು ಆಂಪಿಯರ್ ಇರುತ್ತದೆ, ಗುಣಿಸಿದರೆ ವಾಟ್. 19.5 ವೋಲ್ಟ್, 3.34 ಆಂಪಿಯರ್ ಎಂದರೆ 65 ವಾಟ್. 20 ವೋಲ್ಟ್, 2.25 ಆಂಪಿಯರ್ ಎಂದರೆ 45. ಮೂಲ ಚಾರ್ಜರ್ 65 ಇದ್ದದ್ದು ಹಾಳಾಗಿ, ಅಣ್ಣನ ಲ್ಯಾಪ್‌ಟಾಪಿನ 45 ಹಾಕಿಕೊಂಡಿದ್ದರೆ ಚಾರ್ಜ್ ಆಗುತ್ತದೆ, ಓಡುವುದಿಲ್ಲ. ಟೈಪ್ ಸಿ ಲ್ಯಾಪ್‌ಟಾಪಿಗೆ ಮೊಬೈಲ್ ಚಾರ್ಜರ್ ಚುಚ್ಚುವವರ ಪಾಡೂ ಇದೇ.

ಊರಿನಲ್ಲಿ ವೋಲ್ಟೇಜ್ ಏರಿಳಿತ ಇದೆ, ಅದರಿಂದಲೇ ಸ್ಲೋ ಎಂದು ಕೆಲವರು ಅಂದುಕೊಳ್ಳುತ್ತಾರೆ. ಚೀಟಿಯ ಇನ್‌ಪುಟ್ ಸಾಲು ನೋಡಿ, 100ರಿಂದ 240 ವೋಲ್ಟ್ ಎಂದಿರುತ್ತದೆ. ಅಷ್ಟರೊಳಗಿನ ಏರಿಳಿತ ವೇಗಕ್ಕೆ ತಟ್ಟುವುದಿಲ್ಲ.

ಲಗಾಮು ಫರ್ಮ್‌ವೇರಿನ ಕೈಯಲ್ಲಿದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕರ್ನಲ್ ಪ್ರೊಸೆಸರ್ ಪವರ್ ಹೆಸರಿನಲ್ಲಿ 37ನೇ ನಂಬರಿನ ಎಚ್ಚರಿಕೆ ಇದ್ದರೆ, ಪ್ರೊಸೆಸರಿನ ವೇಗವನ್ನು ಫರ್ಮ್‌ವೇರ್ ತಡೆದಿದೆ ಎಂದು ವಿಂಡೋಸೇ ದೂರು ಬರೆದಿಟ್ಟಿದೆ ಎಂದರ್ಥ. ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರಿನಲ್ಲಿ 'ಬಿಡಿ ಪ್ರೊಕ್‌ಹಾಟ್' (BD PROCHOT) ಎಂಬಲ್ಲಿನ ಟಿಕ್ ತೆಗೆದರೆ ಈ ತಡೆ ಬಿಡುತ್ತದೆ. ಚಾರ್ಜರ್ ಸರಿಯಿದೆ, ಬೋರ್ಡಿನ ಸೆನ್ಸರ್ ಮಾತ್ರ ಕೆಟ್ಟಿದೆ ಎಂದು ಖಾತ್ರಿಯಿದ್ದರೆ ಬಳಸಬಹುದು. ಕಡಿಮೆ ವಾಟಿನ ಚಾರ್ಜರಿನೊಂದಿಗೆ ಬಳಸಿದರೆ ಫ್ಯೂಸ್ ಕಿತ್ತು ತಂತಿ ಕಟ್ಟಿದಂತೆ. ನಾನಂತೂ ಬೇರೆಯವರ ಯಂತ್ರದಲ್ಲಿ ಮಾಡುವುದಿಲ್ಲ.

ಬ್ಯಾಟರಿಯ ಜಾತಕ

ಬ್ಯಾಟರಿ ಸೋತಿದ್ದರೆ, ಕೆಲಸ ಒಮ್ಮೆಲೇ ಏರಿದಾಗ ಚಾರ್ಜರಿಗೆ ಹೆಗಲು ಕೊಡುವವರಿಲ್ಲದೆ ಕೆಲವು ಲ್ಯಾಪ್‌ಟಾಪುಗಳು ವೇಗ ತಗ್ಗಿಸಿಕೊಳ್ಳುತ್ತವೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪವರ್ ಎಂದು ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಂಟಿಸಿ. ಒಂದು ಸ್ಪೇಸ್, ಒಂದು ಮುಂದೋರೆ ಗೆರೆ (/), ಆಮೇಲೆ ಬ್ಯಾಟರಿ ರಿಪೋರ್ಟ್ ಎರಡನ್ನೂ ಒಂದೇ ಪದವಾಗಿ ಬರೆದು ಎಂಟರ್. ವರದಿ ಯಾವ ಫೋಲ್ಡರಿನಲ್ಲಿ ಉಳಿಯಿತು ಎಂದು ಅದೇ ಹೇಳುತ್ತದೆ. ಬ್ರೌಸರಿನಲ್ಲಿ ತೆರೆದು ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎರಡನ್ನೂ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಯಾವ ಸೆಟ್ಟಿಂಗೂ ಅದನ್ನು ಬದುಕಿಸದು, ಹೊಸ ಬ್ಯಾಟರಿ ಹಾಕಿಸಿ. ಉಬ್ಬಿದ್ದರೆ ಇವತ್ತೇ.

ಬಿಸಿ

ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಕೋಣೆಯೇ 40 ಡಿಗ್ರಿ ಆಗಿರುವಾಗ ಫ್ಯಾನ್ ಒಳಗೆ ಎಳೆಯುವುದು ಬಿಸಿಗಾಳಿಯನ್ನೇ. ಲ್ಯಾಪ್‌ಟಾಪ್ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಾವಾಗಿ ವೇಗ ಇಳಿಸುತ್ತವೆ. ಎಚ್‌ಡಬ್ಲ್ಯುಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ಡಿಗ್ರಿಯೂ, ಥರ್ಮಲ್ ಥ್ರಾಟಲಿಂಗ್ (ಬಿಸಿಗೆ ವೇಗ ಇಳಿಯುವುದು) ಆಗುತ್ತಿದೆಯೇ ಎಂಬುದೂ ಕಾಣುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಹಿಂಬದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿ. ಎರಡು ಮೂರು ವರ್ಷ ಹಳೆಯದಾದರೆ ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಬದಲಿಸಿ. ಇಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟರೆ ಇನ್ನೂ ಬೇಗ ಬಿಸಿಯೇರಿ ಇನ್ನೂ ಬೇಗ ಕುಸಿಯುತ್ತದೆ. ಬ್ಯಾಲೆನ್ಸ್ಡ್‌ನಲ್ಲೇ ಕೆಲಸ ಮೊದಲು ಮುಗಿದರೂ ಆಶ್ಚರ್ಯವಿಲ್ಲ, ಸ್ಟಾಪ್‌ವಾಚ್ ಹೇಳಲಿ.

ಇನ್ನು ಉಳಿದ ಚಿಲ್ಲರೆ ಲಗಾಮುಗಳು

ಕ್ರೋಮ್ ಸೆಟ್ಟಿಂಗ್ಸಿನ ಪರ್ಫಾರ್ಮೆನ್ಸ್ ಪುಟದಲ್ಲಿ 2022ರ ಕೊನೆಯಿಂದ ಎನರ್ಜಿ ಸೇವರ್, ಮೆಮೊರಿ ಸೇವರ್ ಎರಡೂ ಇವೆ. ಬಿಟ್ಟ ಟ್ಯಾಬಿಗೆ ಮರಳಿದಾಗ ಪುಟ ಮತ್ತೆ ಲೋಡ್ ಆಗಿ ತುಂಬಿದ ಅರ್ಜಿ ಹಾರಿಹೋಗುತ್ತಿದ್ದರೆ ಆ ಸೈಟನ್ನು ಮೆಮೊರಿ ಸೇವರಿನ ವಿನಾಯಿತಿ ಪಟ್ಟಿಗೆ ಸೇರಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಹಸಿರು ಎಲೆಯ ಚಿತ್ರ ಹೊತ್ತ ಪ್ರೋಗ್ರಾಮುಗಳು ಎಫಿಶಿಯೆನ್ಸಿ ಮೋಡಿನಲ್ಲಿವೆ, ಅಂದರೆ ವಿದ್ಯುತ್ ಉಳಿಸಲು ಅವನ್ನು ಹಿಂದಕ್ಕೆ ತಳ್ಳಲಾಗಿದೆ. ಬ್ರೌಸರ್ ತಾನೇ ಹಿನ್ನೆಲೆಯ ಟ್ಯಾಬುಗಳನ್ನು ಹಾಗೆ ಇಡುವುದು ಸರಿ, ಬಿಟ್ಟುಬಿಡಿ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಯಂತ್ರದಲ್ಲಿ ಫೋಟೊಶಾಪ್, ವಿಡಿಯೊ ಎಡಿಟಿಂಗ್ ಮಾಡುವವರು ಸೆಟ್ಟಿಂಗ್ಸ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಪ್ರೋಗ್ರಾಮಿಗೆ ಹೈ ಪರ್ಫಾರ್ಮೆನ್ಸ್ ಆರಿಸಿ. ಇನ್ನು ಫಾಸ್ಟ್ ಸ್ಟಾರ್ಟಪ್: ವಿಂಡೋಸ್ 8ರಿಂದ ಬಂದ ಇದರಿಂದಾಗಿ ಶಟ್‌ಡೌನ್ ಕೊಟ್ಟರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. "ದಿನಾ ಆಫ್ ಮಾಡ್ತೀನಲ್ಲ" ಎನ್ನುವವರ ಟಾಸ್ಕ್ ಮ್ಯಾನೇಜರಿನಲ್ಲಿ ಅಪ್‌ಟೈಮ್ 20 ದಿನ ಎಂದಿರುವುದು ಇದಕ್ಕೇ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ, ಅದು ನಿಜವಾಗಿಯೂ ಮುಚ್ಚಿ ತೆರೆಯುತ್ತದೆ.

ಮ್ಯಾಕ್‌ಬುಕ್ ಇರುವವರಿಗೆ ಸೆಟ್ಟಿಂಗ್ಸಿನ ಬ್ಯಾಟರಿ ಪುಟದಲ್ಲಿ ಲೋ ಪವರ್ ಮೋಡ್ ಸಿಗುತ್ತದೆ, 'ಓನ್ಲಿ ಆನ್ ಬ್ಯಾಟರಿ' ಇಟ್ಟರೆ ಸಾಕು. ಉಬುಂಟುವಿನಲ್ಲಿ ಬಲ ಮೇಲ್ಮೂಲೆಯ ಮೆನುವಿನಲ್ಲೇ ಪವರ್ ಮೋಡ್ ಇದೆ. ಟಿಎಲ್‌ಪಿ ಎಂಬ ಬ್ಯಾಟರಿ ಉಳಿತಾಯದ ಸಾಫ್ಟ್‌ವೇರ್ ಹಾಕಿಕೊಳ್ಳುವವರು ಉಬುಂಟುವಿನಲ್ಲೇ ಇರುವ ಪವರ್ ಪ್ರೊಫೈಲ್ಸ್ ಡೀಮನ್ ತೆಗೆದುಹಾಕಿ. ಎರಡೂ ಒಂದೇ ಲಗಾಮಿಗೆ ಕೈಹಾಕಿ ಜಗಳವಾಡುತ್ತವೆ.

ಎಲ್ಲ ಕೆಡಿಸಿಕೊಂಡಿರಾ?

ಹೊಡೆದಿಟ್ಟ ಫೋಟೊ ನೋಡಿ ಒಂದೊಂದಾಗಿ ಹಿಂದಕ್ಕೆ ತನ್ನಿ. ಫೋಟೊ ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಬ್ಯಾಟರಿ ವರದಿಗೆ ಬರೆದ ಮೊದಲ ಪದವನ್ನೇ ಬರೆಯಿರಿ. ಸ್ಪೇಸ್, ಓರೆಗೆರೆಯ ನಂತರ ರೀಸ್ಟೋರ್, ಡಿಫಾಲ್ಟ್, ಸ್ಕೀಮ್ಸ್ ಮೂರನ್ನೂ ಒಂದೇ ಪದವಾಗಿ ಕೂಡಿಸಿ ಎಂಟರ್. ನೀವು ಮಾಡಿಕೊಂಡ, ವಿಡಿಯೊ ನೋಡಿ ಸೇರಿಸಿದ ಪ್ಲಾನುಗಳೆಲ್ಲ ಅಳಿಸಿ ಮೂಲ ಸ್ಥಿತಿ ಬರುತ್ತದೆ. ಯಾವ ಕೇಳ್ವಿಯೂ ಕೇಳದೆ ಅಳಿಸಿಬಿಡುತ್ತದೆ, ಎಂಟರ್ ಒತ್ತುವ ಮುಂಚೆ ಒಮ್ಮೆ ಯೋಚಿಸಿ. ಕಂಪನಿ ಆ್ಯಪಿನ ಮೋಡನ್ನು ಇದು ಮುಟ್ಟುವುದಿಲ್ಲ, ಅದನ್ನು ಅಲ್ಲೇ ಹೋಗಿ ಬದಲಿಸಬೇಕು. ಆಮೇಲೆ ರೀಸ್ಟಾರ್ಟ್ ಮಾಡಿ, ಅದೇ ಫೋಟೊ ಫೋಲ್ಡರನ್ನು ಮತ್ತೊಮ್ಮೆ ಜಿಪ್ ಮಾಡಿ, ಬಂದ ಹೊತ್ತನ್ನು ಚೀಟಿಯ ಮೊದಲ ಸಾಲಿನ ಪಕ್ಕದಲ್ಲಿ ಬರೆಯಿರಿ.